ಸಾಲವೇ ಮಾಡದವರಿಗೆ ಕ್ರೆಡಿಟ್ ಕಾರ್ಡ್ ಯಾಕೆ ಸಿಗುವುದಿಲ್ಲ? ಸಿಬಿಲ್ ಬಗ್ಗೆ ಓಡಾಡುತ್ತಿರುವ ಫಾರ್ವರ್ಡ್‌ಗಳಲ್ಲಿ ಎಷ್ಟು ನಿಜ?

"ಆರ್‌ಬಿಐ ಹೊಸ ಆದೇಶ! ಇನ್ನು ಮುಂದೆ ಸಾಲಕ್ಕೆ ಸಿಬಿಲ್ ಸ್ಕೋರ್ ಬೇಕಾಗಿಲ್ಲ. ಎಲ್ಲ ಗ್ರೂಪ್‌ಗಳಿಗೂ ಶೇರ್ ಮಾಡಿ." ನಿಮ್ಮ ವಾಟ್ಸಾಪ್‌ಗೂ ಇಂಥದ್ದೊಂದು ಸಂದೇಶ ಬಂದಿರಬಹುದು. ಅದರ ಕೆಳಗೇ ಇನ್ನೊಂದು: "ಸಿಬಿಲ್ ಪದೇ ಪದೇ ಚೆಕ್ ಮಾಡಬೇಡಿ, ಪ್ರತಿ ಸಲ 10 ಅಂಕ ಕಡಿಮೆಯಾಗುತ್ತದೆ." ಮತ್ತೊಂದು: "ಕಾರ್ಡ್ ಬಿಲ್ ಪೂರ್ತಿ ಕಟ್ಟಬೇಡಿ, ಸ್ವಲ್ಪ ಬಾಕಿ ಇಟ್ಟರೆ ಸ್ಕೋರ್ ಏರುತ್ತದೆ."

ಮೊದಲನೆಯದರಲ್ಲಿ ಅರ್ಧ ಸತ್ಯವಿದೆ. ಎರಡನೆಯದು ಸುಳ್ಳು. ಮೂರನೆಯದು ಸುಳ್ಳಷ್ಟೇ ಅಲ್ಲ, ನಂಬಿದವರ ಜೇಬಿಗೇ ಕತ್ತರಿ ಹಾಕುವಂಥದ್ದು. ಹೊಸದಾಗಿ ಕೆಲಸಕ್ಕೆ ಸೇರಿದವರು, ಏರ್‌ಪೋರ್ಟ್ ಲಾಂಜ್, ಕ್ಯಾಶ್‌ಬ್ಯಾಕ್, ಪಾಯಿಂಟ್ಸ್ ಎಂದೆಲ್ಲ ರೀಲ್ಸ್ ನೋಡಿ ಕಾರ್ಡಿಗೆ ಅರ್ಜಿ ಹಾಕಿ ತಿರಸ್ಕೃತರಾದವರು ನಮಗೆ ಕೇಳುವ ಪ್ರಶ್ನೆ ಬೇರೆ: "ನಾನು ಯಾರ ಹತ್ತಿರವೂ ಒಂದು ರೂಪಾಯಿ ಸಾಲ ಮಾಡಿದವನಲ್ಲ. ನನಗ್ಯಾಕೆ ಕಾರ್ಡ್ ಕೊಡುತ್ತಿಲ್ಲ?" ಅಲ್ಲಿಂದಲೇ ಶುರು ಮಾಡೋಣ.

ಉದ್ರಿ ಪುಸ್ತಕದ ಲೆಕ್ಕ

ನಿಮ್ಮ ಬೀದಿಯ ಕಿರಾಣಿ ಅಂಗಡಿಯನ್ನು ನೆನಪಿಸಿಕೊಳ್ಳಿ. ಹತ್ತು ವರ್ಷದಿಂದ ತಿಂಗಳ ಮೊದಲ ವಾರ ತಪ್ಪದೆ ಬಾಕಿ ತೀರಿಸುವ ಮನೆಗೆ ಅಂಗಡಿಯವರು ಕೇಳದೆಯೇ ಉದ್ರಿ ಬರೆದುಕೊಳ್ಳುತ್ತಾರೆ. ಮೂರು ತಿಂಗಳು ಸತಾಯಿಸುವ ಮನೆಗೆ ಗೋಡೆಯ ಮೇಲಿನ "ಇಂದು ನಗದು, ನಾಳೆ ಉದ್ರಿ" ಬೋರ್ಡ್ ತೋರಿಸುತ್ತಾರೆ. ನಿನ್ನೆ ತಾನೇ ಬಾಡಿಗೆಗೆ ಬಂದವರು? ಅವರು ಕೆಟ್ಟವರೇನಲ್ಲ, ದುಡ್ಡಿಲ್ಲದವರೂ ಅಲ್ಲ. ಆದರೆ ಅಂಗಡಿಯ ಪುಸ್ತಕದಲ್ಲಿ ಅವರ ಹಾಳೆಯೇ ಇಲ್ಲ.

ಬ್ಯಾಂಕಿನ ದೃಷ್ಟಿಯಲ್ಲಿ ಸಾಲವೇ ಮಾಡದವರ ಸ್ಥಿತಿ ಇದೇ. ನಮ್ಮ ದೇಶದಲ್ಲಿ ಈ ದೊಡ್ಡ ಉದ್ರಿ ಪುಸ್ತಕವನ್ನು ಇಡುವ ಸಂಸ್ಥೆಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್ ಮತ್ತು ಕ್ರಿಫ್ ಹೈ ಮಾರ್ಕ್. 2005ರ ಸಾಲ ಮಾಹಿತಿ ಕಂಪನಿಗಳ ಕಾಯ್ದೆಯಡಿ ಇವು ನಡೆಯುತ್ತವೆ, ಆರ್‌ಬಿಐ ಇವುಗಳ ಮೇಲೆ ಕಣ್ಣಿಟ್ಟಿರುತ್ತದೆ. 2000ದಲ್ಲಿ ಶುರುವಾದ ಸಿಬಿಲ್ ಎಲ್ಲಕ್ಕಿಂತ ಹಳೆಯದು. ಅದಕ್ಕೇ ಫೋಟೋಕಾಪಿಗೆ "ಜೆರಾಕ್ಸ್" ಅಂದಂತೆ ಎಲ್ಲ ಸ್ಕೋರಿಗೂ ನಾವು "ಸಿಬಿಲ್" ಎನ್ನುತ್ತೇವೆ. ಬ್ಯಾಂಕುಗಳು ಮತ್ತು ಫೈನಾನ್ಸ್ ಕಂಪನಿಗಳು ತಮ್ಮ ಸಾಲಗಾರರ ಮಾಹಿತಿಯನ್ನು ಈ ನಾಲ್ಕಕ್ಕೂ ಕಳಿಸಬೇಕು. ಮೊದಲು ತಿಂಗಳಿಗೊಮ್ಮೆ ಕಳಿಸುತ್ತಿದ್ದರು. 2025ರ ಜನವರಿಯಲ್ಲಿ 15 ದಿನಕ್ಕೊಮ್ಮೆ ಕಳಿಸಬೇಕೆಂಬ ನಿಯಮ ಬಂತು.

ಆ ಮಾಹಿತಿಯನ್ನು ಅರೆದು ತೆಗೆದ ಸಂಖ್ಯೆಯೇ ಸ್ಕೋರ್. 300ರಿಂದ 900ರವರೆಗೆ. 750ರ ಮೇಲಿದ್ದರೆ ಬ್ಯಾಂಕುಗಳು ಸಾಮಾನ್ಯವಾಗಿ ಖುಷಿಯಿಂದ ಮಾತಾಡುತ್ತವೆ. ದಾಖಲೆಯೇ ಇಲ್ಲದವರ ವರದಿಯಲ್ಲಿ ಸಂಖ್ಯೆಯ ಬದಲು "ಎನ್‌ಎಚ್" ಅಥವಾ "-1" ಎಂದಿರುತ್ತದೆ. ಇದನ್ನು ನೋಡಿ "ಅಯ್ಯೋ, ನನ್ನ ಸ್ಕೋರ್ ಮೈನಸ್ ಆಗಿಹೋಗಿದೆ" ಎಂದು ಗಾಬರಿಯಾಗುವವರಿದ್ದಾರೆ. ಗಾಬರಿ ಬೇಡ. "ಇತಿಹಾಸವಿಲ್ಲ" ಎಂಬುದಷ್ಟೇ ಇದರ ಅರ್ಥ.

ಹಾಗಾದರೆ ಸಿಬಿಲ್ ಬೇಡ ಎಂಬ ಸುದ್ದಿ?

2025ರ ಆಗಸ್ಟ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಸಂಸತ್ತಿನಲ್ಲಿ ಒಂದು ಉತ್ತರ ಕೊಟ್ಟಿತು. ಸಾಲ ಕೊಡಲು ಇಷ್ಟೇ ಕನಿಷ್ಠ ಸ್ಕೋರ್ ಇರಬೇಕೆಂದು ಆರ್‌ಬಿಐ ನಿಗದಿ ಮಾಡಿಲ್ಲ, ಮೊದಲ ಸಲ ಸಾಲ ಕೇಳುವವರ ಅರ್ಜಿಯನ್ನು ಇತಿಹಾಸವಿಲ್ಲ ಎಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದು ಎಂಬುದು ಅದರ ಸಾರ. ಇಷ್ಟು ನಿಜ. ಆದರೆ ಅದೇ ಉತ್ತರದಲ್ಲಿ, ಸಾಲ ಕೊಡುವ ಮೊದಲು ಬ್ಯಾಂಕು ಅರ್ಜಿದಾರರ ಹಿನ್ನೆಲೆ, ಮರುಪಾವತಿಯ ಶಕ್ತಿ ಎಲ್ಲವನ್ನೂ ಪರಿಶೀಲಿಸಬೇಕು, ಕೊಡುವುದು ಬಿಡುವುದು ಅವರ ವಾಣಿಜ್ಯ ನಿರ್ಧಾರ ಎಂದೂ ಇತ್ತು. ಫಾರ್ವರ್ಡ್ ಮಾಡಿದವರು ಮೊದಲ ಸಾಲು ಇಟ್ಟುಕೊಂಡು ಎರಡನೆಯದನ್ನು ಕತ್ತರಿಸಿದರು.

ಹಾಗಾಗಿ ಇತಿಹಾಸವಿಲ್ಲದವರಿಗೆ ಬಾಗಿಲು ಮುಚ್ಚಿಲ್ಲ, ಆದರೆ ತಾನಾಗಿ ತೆರೆಯುವುದೂ ಇಲ್ಲ. ಅದರಲ್ಲೂ ಕ್ರೆಡಿಟ್ ಕಾರ್ಡ್ ಎಂದರೆ ಅಡಮಾನವಿಲ್ಲದ ಸಾಲ. ಒಳ್ಳೆಯ ರಿವಾರ್ಡ್ಸ್ ಇರುವ ಕಾರ್ಡುಗಳನ್ನು ಬ್ಯಾಂಕುಗಳು ಗುರುತಿರುವವರಿಗೇ ಮೊದಲು ಕೊಡುತ್ತವೆ.

ಸಂಬಳ, ಯುಪಿಐ, ಕರೆಂಟ್ ಬಿಲ್: ಇವು ಲೆಕ್ಕಕ್ಕೆ ಬರುತ್ತವೆಯೇ?

"ನನ್ನ ಖಾತೆಯಲ್ಲಿ ಯಾವಾಗಲೂ ಎರಡು ಲಕ್ಷ ಇರುತ್ತದೆ, ದಿನಕ್ಕೆ ಹತ್ತು ಸಲ ಫೋನ್‌ಪೇ ಮಾಡುತ್ತೇನೆ, ಬೆಸ್ಕಾಂ ಬಿಲ್ ಒಂದು ದಿನವೂ ತಡವಾಗಿಲ್ಲ." ಬಹಳ ಒಳ್ಳೆಯದು. ಆದರೆ ಇದ್ಯಾವುದೂ ಸಿಬಿಲ್ ವರದಿಗೆ ಹೋಗುವುದಿಲ್ಲ. ಉಳಿತಾಯ ಖಾತೆಯ ಬಾಕಿ, ಸಂಬಳ, ಡೆಬಿಟ್ ಕಾರ್ಡ್, ಬ್ಯಾಂಕ್ ಖಾತೆಯಿಂದ ಹೋಗುವ ಯುಪಿಐ ಎಲ್ಲವೂ ನಿಮ್ಮದೇ ದುಡ್ಡಿನ ವ್ಯವಹಾರ. ಉದ್ರಿ ಪುಸ್ತಕದಲ್ಲಿ ನಗದು ಗಿರಾಕಿಯ ಹೆಸರಿರುವುದಿಲ್ಲ, ಹಾಗೆ. ನಿಮ್ಮ ಸಂಬಳ ನೋಡುವುದು ಬ್ಯಾಂಕು, ಅರ್ಜಿ ಹಾಕಿದಾಗ. ಸ್ಕೋರ್ ಲೆಕ್ಕ ಹಾಕುವವರಿಗೆ ಅದು ಕಾಣುವುದಿಲ್ಲ. 25 ಸಾವಿರ ಸಂಬಳದವರ ಸ್ಕೋರ್ 800 ಇರಬಹುದು, ಎರಡು ಲಕ್ಷ ಸಂಬಳದವರದ್ದು 620 ಇರಬಹುದು.

ಇದಕ್ಕೆ ವ್ಯತಿರಿಕ್ತವಾಗಿ, ಸಾಲವೆಂದೇ ಅನಿಸದ ಹಲವು ಸಂಗತಿಗಳು ವರದಿಯಲ್ಲಿ ಸಾಲವಾಗಿಯೇ ಕೂತಿರುತ್ತವೆ. ಮೊಬೈಲ್ ಅಂಗಡಿಯಲ್ಲಿ "ಜೀರೋ ಇಎಂಐ"ಗೆ ತೆಗೆದ ಫೋನ್, ಆ್ಯಪ್‌ನಲ್ಲಿ "ಈಗ ಕೊಳ್ಳಿ, ಆಮೇಲೆ ಕಟ್ಟಿ" ಎಂದು ಒತ್ತಿದ ಬಟನ್, ಚಿನ್ನ ಅಡವಿಟ್ಟು ತೆಗೆದ ಸಾಲ, ಬೈಕ್ ಸಾಲ, ಮೈಕ್ರೋಫೈನಾನ್ಸ್ ಸಂಸ್ಥೆಯ ಗುಂಪು ಸಾಲ, ಎಲ್ಲವೂ. 2022ರಿಂದ ಆ್ಯಪ್ ಮೂಲಕ ಕೊಡುವ ಸಾಲ ಎಷ್ಟೇ ಚಿಕ್ಕದಿರಲಿ, ಎಷ್ಟೇ ಕಡಿಮೆ ಅವಧಿಯದ್ದಿರಲಿ, ವರದಿ ಮಾಡಲೇಬೇಕು ಎಂದು ಆರ್‌ಬಿಐ ಹೇಳಿದೆ. ಕಾಲೇಜಿನಲ್ಲಿದ್ದಾಗ 900 ರೂಪಾಯಿಯ ಶೂ ಕೊಂಡು ಮರೆತ ಬಾಕಿ, ನಾಲ್ಕು ವರ್ಷದ ಮೇಲೆ ಗೃಹಸಾಲದ ಅರ್ಜಿಯ ಮುಂದೆ ಬಂದು ನಿಲ್ಲುವುದು ಹೀಗೆ.

ಗೆಳೆಯರ ಸಾಲಕ್ಕೆ ಜಾಮೀನು ಹಾಕಿದ್ದರೆ ಅದೂ ನಿಮ್ಮ ವರದಿಯಲ್ಲಿ ಕಾಣುತ್ತದೆ. "ಬರೀ ಒಂದು ಸಹಿ ಮಾರಾಯ" ಎನ್ನುವವರಿಗೆ ಇದನ್ನು ತೋರಿಸಿ.

ಹಾಳೆ ತೆರೆಯುವುದು ಹೇಗೆ?

ಸಾಲ ಸಿಗಬೇಕಾದರೆ ಇತಿಹಾಸ ಬೇಕು, ಇತಿಹಾಸ ಬೇಕಾದರೆ ಸಾಲ ಮಾಡಿರಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬಂಥ ಸ್ಥಿತಿ. ಇದರಿಂದ ಹೊರಬರಲು ನಮಗೆ ತೋಚುವ ಅತ್ಯಂತ ಸರಳ ದಾರಿ ಠೇವಣಿ ಆಧಾರಿತ ಕ್ರೆಡಿಟ್ ಕಾರ್ಡ್. ಬ್ಯಾಂಕಿನವರ ಬಾಯಲ್ಲಿ "ಎಫ್‌ಡಿ ಕಾರ್ಡ್" ಅಥವಾ "ಸೆಕ್ಯೂರ್ಡ್ ಕಾರ್ಡ್".

ಇದು ಕೆಲಸ ಮಾಡುವ ರೀತಿ ಹೀಗೆ. ನೀವು ಬ್ಯಾಂಕಿನಲ್ಲಿ, ಉದಾಹರಣೆಗೆ, 25,000 ರೂ. ಎಫ್‌ಡಿ ಇಡುತ್ತೀರಿ. ಬ್ಯಾಂಕು ಆ ಠೇವಣಿಯನ್ನು ಹಿಡಿದಿಟ್ಟುಕೊಂಡು ಅದರ ಬಹುಪಾಲು ಮೊತ್ತದ, ಅಂದರೆ ಸುಮಾರು 20,000 ರೂ. ಮಿತಿಯ ಕಾರ್ಡ್ ಕೊಡುತ್ತದೆ. ಎಷ್ಟು ಭಾಗ ಎಂಬುದು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಠೇವಣಿಗೆ ಬಡ್ಡಿ ಎಂದಿನಂತೆ ಬರುತ್ತಿರುತ್ತದೆ. ಬ್ಯಾಂಕಿಗೆ ಅಪಾಯ ಕಡಿಮೆ, ಹಾಗಾಗಿ ಇತಿಹಾಸ, ಸಂಬಳದ ಚೀಟಿ ಎಂದೆಲ್ಲ ಹೆಚ್ಚು ಪೀಡಿಸುವುದಿಲ್ಲ. 18 ತುಂಬಿದ ವಿದ್ಯಾರ್ಥಿಗಳು, ಗೃಹಿಣಿಯರು, ಸ್ವಂತ ಚಿಕ್ಕ ವ್ಯಾಪಾರದವರು ಕೂಡ ಪಡೆಯಬಹುದು. ವರದಿಯಲ್ಲಿ ಇದು ಕ್ರೆಡಿಟ್ ಕಾರ್ಡ್ ಎಂದೇ ದಾಖಲಾಗುತ್ತದೆ.

ಒಂದು ಎಚ್ಚರಿಕೆ. ಮೊದಲೇ ದುಡ್ಡು ತುಂಬಿಸಿ ಬಳಸುವ ಪ್ರೀಪೇಯ್ಡ್ ಕಾರ್ಡುಗಳು ನೋಡಲು ಹೀಗೇ ಇರುತ್ತವೆ, ಹೆಸರೂ ಗರಿಗರಿಯಾಗಿರುತ್ತದೆ. ಅವು ಸಾಲವಲ್ಲ, ಅವುಗಳಿಂದ ಸ್ಕೋರ್ ಹುಟ್ಟುವುದಿಲ್ಲ. ಕೊಡುವವರನ್ನು ನೇರವಾಗಿ ಕೇಳಿ: "ಇದರ ಮಾಹಿತಿ ಸಿಬಿಲ್‌ಗೆ ಹೋಗುತ್ತದೆಯೇ?" ಹಾಗೆಯೇ, ಅಪ್ಪನ ಕಾರ್ಡಿನ ಮೇಲೆ ಆಡ್-ಆನ್ ಕಾರ್ಡ್ ಮಾಡಿಸಿಕೊಂಡರೆ ನಿಮ್ಮ ಸ್ಕೋರ್ ಏರುತ್ತದೆ ಎಂಬ ಸಲಹೆಯೂ ಯೂಟ್ಯೂಬ್‌ನಲ್ಲಿ ಧಾರಾಳವಾಗಿದೆ. ಅದು ಅಮೆರಿಕದ ಸಲಹೆ. ಅಲ್ಲಿ ಮನೆಯವರ ಕಾರ್ಡಿಗೆ ಹೆಸರು ಸೇರಿಸಿಕೊಂಡು ಇತಿಹಾಸ ಕಟ್ಟುವ ರೂಢಿಯಿದೆ. ನಮ್ಮಲ್ಲಿ ಆಡ್-ಆನ್ ಕಾರ್ಡಿನ ಹೊಣೆ ಪೂರ್ತಿಯಾಗಿ ಮುಖ್ಯ ಕಾರ್ಡುದಾರರದ್ದು. ನೀವು ಖರ್ಚು ಮಾಡಿದ್ದು ಅಪ್ಪನ ಹಾಳೆಯಲ್ಲಿ ಬರೆಯಲ್ಪಡುತ್ತದೆ. ಅಮೆರಿಕದಲ್ಲಿ ಕೆಲಸಕ್ಕೆ ಹೋದ ನಮ್ಮವರಿಗೂ ಒಂದು ಮಾತು: ಇಲ್ಲಿನ 800 ಸ್ಕೋರ್ ಅಲ್ಲಿನ ಪುಸ್ತಕಕ್ಕೆ ತಾನಾಗಿ ಹೋಗಿ ಸೇರುವುದಿಲ್ಲ. ಅಲ್ಲಿ ಮತ್ತೆ ಖಾಲಿ ಹಾಳೆ.

ಸಂಬಳದ ಖಾತೆ ಇರುವ ಬ್ಯಾಂಕಿನ ಆ್ಯಪ್‌ನಲ್ಲಿ "ಪ್ರೀ-ಅಪ್ರೂವ್ಡ್" ಕಾರ್ಡ್ ಕಾಣಿಸುತ್ತಿದ್ದರೆ ಎಫ್‌ಡಿ ಇಡುವ ಅಗತ್ಯವೂ ಇಲ್ಲ. ಎಂಟು ಹತ್ತು ತಿಂಗಳ ಸಂಬಳ ನೋಡಿದ ಬ್ಯಾಂಕಿಗೆ ನೀವು ಅಷ್ಟೊಂದು ಅಪರಿಚಿತರಲ್ಲ. ಮೊದಲು ಅಲ್ಲಿ ನೋಡಿ, ಇಲ್ಲದಿದ್ದರೆ ಎಫ್‌ಡಿ. ಬರೀ ಸ್ಕೋರ್ ಹುಟ್ಟಿಸಲು ಪರ್ಸನಲ್ ಲೋನ್ ತೆಗೆಯಿರಿ ಎನ್ನುವ ಸಲಹೆಯನ್ನು ಮಾತ್ರ ಕಿವಿಗೆ ಹಾಕಿಕೊಳ್ಳಬೇಡಿ. ಸ್ಕೋರ್ ಉಚಿತವಾಗಿ ಕಟ್ಟಬಹುದಾದಾಗ ಬಡ್ಡಿ ಕೊಟ್ಟು ಕೊಳ್ಳುವುದೇಕೆ?

ಮೊದಲ ಆರು ತಿಂಗಳು

ಕಾರ್ಡ್ ಬಂದ ಮೇಲೆ ಮಾಡಬೇಕಾದದ್ದು ಬೇಸರ ಬರುವಷ್ಟು ಕಡಿಮೆ. ಹೇಗೂ ಮಾಡುವ ಖರ್ಚು, ಅಂದರೆ ಮೊಬೈಲ್ ರೀಚಾರ್ಜ್, ದಿನಸಿ, ಬಸ್ ಟಿಕೆಟ್ ಇವನ್ನು ಕಾರ್ಡಿನಲ್ಲಿ ಮಾಡಿ. ಬಿಲ್ ಬಂದಾಗ ಪೂರ್ತಿ ಕಟ್ಟಿ. ಸುಮಾರು ಆರು ತಿಂಗಳ ದಾಖಲೆ ಸೇರಿದ ಮೇಲೆ "ಎನ್‌ಎಚ್" ಜಾಗದಲ್ಲಿ ಮೂರಂಕಿಯ ಸಂಖ್ಯೆ ಕಾಣಿಸಿಕೊಳ್ಳುತ್ತದೆ.

ಸ್ಕೋರ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು ತೂಕ ಇರುವುದು ಕಾಲಕ್ಕೆ ಸರಿಯಾಗಿ ಕಟ್ಟಿದ್ದೀರೋ ಇಲ್ಲವೋ ಎಂಬುದಕ್ಕೆ. ಇದರ ನಂತರ, ಕೊಟ್ಟ ಮಿತಿಯಲ್ಲಿ ಎಷ್ಟು ಬಳಸಿದ್ದೀರಿ ಎಂಬುದು. ಮಿತಿಯ ಶೇ. 30ರೊಳಗೆ ಬಳಸಿ ಎಂಬ ಮಾತು ಕೇಳಿರುತ್ತೀರಿ. ಅದು ಕಾನೂನಲ್ಲ, ಒಂದು ಅಂದಾಜಿನ ಗೆರೆ. 20,000 ಮಿತಿಯಿದ್ದರೆ 6,000ದ ಆಸುಪಾಸು. ಪ್ರತಿ ತಿಂಗಳೂ ಮಿತಿಯ ತುದಿ ಮುಟ್ಟುವವರು ಕೈ ಕಟ್ಟಿದವರು ಎಂಬ ಅನುಮಾನ ಸಾಲ ಕೊಡುವವರಿಗೆ ಬರುತ್ತದೆ. ಯಾವುದೋ ತಿಂಗಳು ಫ್ರಿಜ್ ಕೊಂಡು 18,000 ಆಯಿತೆನ್ನಿ, ಬಿಲ್ ತಯಾರಾಗುವ ದಿನದ ಮೊದಲೇ ಆ್ಯಪ್‌ನಲ್ಲಿ 12,000 ಕಟ್ಟಿಬಿಡಿ. ಬಿಲ್ ಬರುವ ತನಕ ಕಾಯಬೇಕೆಂಬ ನಿಯಮವೇನೂ ಇಲ್ಲ.

ಈಗ ಆ "ಸ್ವಲ್ಪ ಬಾಕಿ ಇಡಿ" ಸಂದೇಶಕ್ಕೆ ಬರೋಣ. ಬಿಲ್ಲಿನಲ್ಲಿ ಎರಡು ಮೊತ್ತ ಇರುತ್ತವೆ: ಒಟ್ಟು ಬಾಕಿ ಮತ್ತು ಕನಿಷ್ಠ ಬಾಕಿ, ಅಂದರೆ "ಮಿನಿಮಮ್ ಡ್ಯೂ". ಕನಿಷ್ಠ ಕಟ್ಟಿದರೆ "ತಡವಾಯಿತು" ಎಂಬ ಗುರುತು ಬೀಳುವುದಿಲ್ಲ, ದಂಡವೂ ಇಲ್ಲ. ಇದನ್ನೇ ಹಿಡಿದು ಕನಿಷ್ಠ ಕಟ್ಟಿದರೆ ಸಾಕು, ಅದೇ ಜಾಣತನ ಎಂದು ಯಾರೋ ಬರೆದಿದ್ದಾರೆ. ಬಾಕಿ ಇಟ್ಟರೆ ಸ್ಕೋರಿಗೆ ಒಂದಂಕದ ಲಾಭವೂ ಇಲ್ಲ. ಬಳಸಿದ ಮಿತಿ ಮಾತ್ರ ಹೆಚ್ಚಾಗಿ ಕಾಣುತ್ತಾ ಹೋಗುತ್ತದೆ.

ಬಡ್ಡಿಯ ಲೆಕ್ಕ ನೋಡಿ. ಕ್ರೆಡಿಟ್ ಕಾರ್ಡ್ ಬಡ್ಡಿ ಸಾಮಾನ್ಯವಾಗಿ ತಿಂಗಳಿಗೆ ಶೇ. 3ರಿಂದ 3.75ರವರೆಗೆ ಇರುತ್ತದೆ. ವರ್ಷಕ್ಕೆ ಅಲ್ಲ, ತಿಂಗಳಿಗೆ. ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ. ಒಬ್ಬರ ಬಾಕಿ 50,000 ರೂ. ಇದೆ, ಬಡ್ಡಿ ಶೇ. 3.5, ಅವರು ತಿಂಗಳಿಗೆ 2,500 ರೂ. ಕಟ್ಟುತ್ತಾ ಹೋಗುತ್ತಾರೆ ಎಂದುಕೊಳ್ಳೋಣ. ಮೊದಲ ತಿಂಗಳ ಬಡ್ಡಿ 1,750. ಜಿಎಸ್‌ಟಿ 315. ಎರಡೂ ಸೇರಿ 2,065. ಕಟ್ಟಿದ 2,500ರಲ್ಲಿ ಅಸಲಿಗೆ ಹೋದದ್ದು 435 ರೂಪಾಯಿ! ಇನ್ನು ಕಾರ್ಡ್ ಮುಟ್ಟುವುದೇ ಇಲ್ಲ ಎಂದು ಶಪಥ ಮಾಡಿದರೂ ಈ ಸಾಲ ತೀರಲು ಸುಮಾರು ಮೂರು ವರ್ಷ ಏಳು ತಿಂಗಳು ಬೇಕು. ಒಟ್ಟು ಕಟ್ಟಿದ್ದು ಒಂದು ಲಕ್ಷ ಎಂಟು ಸಾವಿರದ ಹತ್ತಿರ. 50,000ದ ಸಾಮಾನಿಗೆ.

ಅಷ್ಟೇ ಅಲ್ಲ. ಬಾಕಿ ಉಳಿದ ತಿಂಗಳಿನಿಂದ ಬಡ್ಡಿರಹಿತ ಅವಧಿಯೂ ರದ್ದಾಗುತ್ತದೆ. ಸಾಮಾನ್ಯವಾಗಿ ನಿಮ್ಮ ಬಿಲ್ 5ನೇ ತಾರೀಖು ತಯಾರಾಗಿ 25ಕ್ಕೆ ಕೊನೆಯ ದಿನವಾದರೆ, 6ನೇ ತಾರೀಖು ಕೊಂಡ ಸಾಮಾನಿಗೆ ದುಡ್ಡು ಕಟ್ಟಲು ಮುಂದಿನ ತಿಂಗಳ 25ರವರೆಗೆ, ಅಂದರೆ ಸುಮಾರು 50 ದಿನ ಸಿಗುತ್ತದೆ. ಅದಕ್ಕೆ ಬಡ್ಡಿಯಿಲ್ಲ. ಹಳೆಯ ಬಾಕಿ ಉಳಿಸಿಕೊಂಡರೆ ಹೊಸದಾಗಿ ಕೊಂಡ ಹಾಲು ಬ್ರೆಡ್ಡಿಗೂ ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. ಎಟಿಎಂನಲ್ಲಿ ಕ್ರೆಡಿಟ್ ಕಾರ್ಡ್ ಹಾಕಿ ನಗದು ತೆಗೆದರಂತೂ ಬಡ್ಡಿರಹಿತ ಅವಧಿ ಎಂಬುದೇ ಇಲ್ಲ, ಮೇಲೆ ಶುಲ್ಕ ಬೇರೆ.

"ಇಷ್ಟೊಂದು ಬಡ್ಡಿ ಹಾಕಲು ಕಾನೂನಿನಲ್ಲಿ ಅವಕಾಶವಿಲ್ಲ, ಶೇ. 30ಕ್ಕಿಂತ ಹೆಚ್ಚು ಇದ್ದರೆ ಕೇಸ್ ಹಾಕಿ" ಎಂಬ ಹಳೆಯ ಸಂದೇಶವೂ ಆಗಾಗ ತಲೆ ಎತ್ತುತ್ತದೆ. 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಹಾಗೆ ಹೇಳಿದ್ದು ಹೌದು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು. ಈಗ ಅದನ್ನು ನಂಬಿ ಕೂರುವಂತಿಲ್ಲ.

ಹಾಗಾಗಿ ಕಾರ್ಡ್ ಬಂದ ದಿನವೇ ಮಾಡಬೇಕಾದ ಒಂದೇ ಕೆಲಸ ಆಟೋ-ಡೆಬಿಟ್. ಅದರಲ್ಲಿ "ಮಿನಿಮಮ್" ಅಲ್ಲ, "ಟೋಟಲ್ ಡ್ಯೂ" ಆಯ್ಕೆ ಮಾಡಿ. ಖಾತೆಯಲ್ಲಿ ಅಷ್ಟು ದುಡ್ಡಿರುವಂತೆ ನೋಡಿಕೊಳ್ಳಿ. ಒಂದೆರಡು ದಿನ ತಡವಾದರೆ ಪ್ರಾಣ ಹೋಗುವುದಿಲ್ಲ: ಕೊನೆಯ ದಿನ ಕಳೆದು ಮೂರು ದಿನ ಮೀರಿದ ಮೇಲಷ್ಟೇ ತಡದ ಶುಲ್ಕ ಹಾಕಬೇಕು, ಬಾಕಿದಾರರೆಂದು ವರದಿ ಮಾಡಬೇಕು ಎಂದು ಆರ್‌ಬಿಐ ನಿಯಮವಿದೆ. ಆದರೆ ಆ ಮೂರು ದಿನವನ್ನು ರೂಢಿ ಮಾಡಿಕೊಳ್ಳಬೇಡಿ.

ನೋಡಿದರೆ ಕಡಿಮೆಯಾಗುತ್ತದೆಯೇ?

ಇಲ್ಲ. ನೀವೇ ನಿಮ್ಮ ವರದಿ ನೋಡಿದರೆ ಸ್ಕೋರ್ ಒಂದಂಕವೂ ಇಳಿಯುವುದಿಲ್ಲ, ದಿನಕ್ಕೊಮ್ಮೆ ನೋಡಿದರೂ. ಇಳಿಯುವುದು ಸಾಲಕ್ಕೋ ಕಾರ್ಡಿಗೋ ಅರ್ಜಿ ಹಾಕಿದಾಗ ಬ್ಯಾಂಕು ನಿಮ್ಮ ವರದಿ ತರಿಸಿಕೊಳ್ಳುತ್ತದಲ್ಲ, ಅದರಿಂದ. ಒಂದು ಅರ್ಜಿಯಿಂದ ಸ್ವಲ್ಪ ಇಳಿದು ಮತ್ತೆ ಸರಿಹೋಗುತ್ತದೆ. ಮಾಲ್‌ನಲ್ಲಿ ಟ್ರಾಲಿ ಬ್ಯಾಗ್ ಉಚಿತ ಎಂದು ಒಬ್ಬರಿಗೆ, ಪೆಟ್ರೋಲ್ ಬಂಕ್‌ನಲ್ಲಿ ಇನ್ನೊಬ್ಬರಿಗೆ, ಫೋನಿನಲ್ಲಿ ಮತ್ತೊಬ್ಬರಿಗೆ "ಸರಿ, ಹಾಕಿ" ಎಂದರೆ ಒಂದೇ ತಿಂಗಳಲ್ಲಿ ನಾಲ್ಕು ವಿಚಾರಣೆ ಕಾಣಿಸುತ್ತದೆ. ಐದನೇ ಬ್ಯಾಂಕಿಗೆ ಅನಿಸುವುದು, ಇವರಿಗೇನೋ ದುಡ್ಡಿನ ತುರ್ತಿದೆ ಎಂದು. ತಿರಸ್ಕಾರವಾದರೆ ಮರುದಿನವೇ ಬೇರೆ ಕಡೆ ಹಾಕಬೇಡಿ. ಕಾರಣ ಕೇಳಿ, ವರದಿ ನೋಡಿ, ಕೆಲವು ತಿಂಗಳು ಬಿಡಿ.

ವರದಿಯನ್ನು ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಉಚಿತವಾಗಿ ಕೊಡಬೇಕು. 2017ರಿಂದ ಈ ನಿಯಮವಿದೆ. ಮೂರು ತಿಂಗಳಿಗೊಂದು ಸಂಸ್ಥೆಯಂತೆ ಕೇಳಿದರೆ ವರ್ಷವಿಡೀ ಪುಕ್ಕಟೆ ಕಾವಲು. ಆಯಾ ಸಂಸ್ಥೆಯ ಸ್ವಂತ ಜಾಲತಾಣಕ್ಕೆ ಹೋಗಿ ಪ್ಯಾನ್ ಮತ್ತು ಮೊಬೈಲ್ ಸಂಖ್ಯೆ ಕೊಟ್ಟು ಪಡೆಯಿರಿ, ವಾಟ್ಸಾಪ್‌ನಲ್ಲಿ ಬಂದ ಲಿಂಕ್ ಒತ್ತಿ ಅಲ್ಲ. ಸ್ಕೋರಿಗಿಂತ ಹೆಚ್ಚಾಗಿ ನೋಡಬೇಕಾದದ್ದು ಒಳಗಿನ ಪಟ್ಟಿ. ನೀವು ಮಾಡದ ಸಾಲ ನಿಮ್ಮ ಹೆಸರಲ್ಲಿದೆಯೇ? ತೀರಿಸಿದ ಬೈಕ್ ಸಾಲ ಇನ್ನೂ ತೆರೆದೇ ಇದೆಯೇ? ನಿಮ್ಮ ಪ್ಯಾನ್ ಪ್ರತಿ ಕೈತಪ್ಪಿ ಯಾರೋ ಸಾಲ ತೆಗೆದಿದ್ದರೆ ಮೊದಲು ಗೊತ್ತಾಗುವುದು ಇಲ್ಲೇ.

ತಪ್ಪಿದ್ದರೆ ಆ ಸಂಸ್ಥೆಯ ಜಾಲತಾಣದಲ್ಲೇ ದೂರು ಕೊಡಬಹುದು, ದುಡ್ಡು ಬೇಡ. 30 ದಿನದೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂ. ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದಕ್ಕೂ ಬಗ್ಗದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್. ಸಹಾಯವಾಣಿ 14448.

"5,000 ಕೊಟ್ಟರೆ 15 ದಿನದಲ್ಲಿ ಸಿಬಿಲ್ 800 ಮಾಡಿಕೊಡುತ್ತೇವೆ" ಎಂಬ ಜಾಹೀರಾತುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಿಜವಾದ ದಾಖಲೆಯನ್ನು ಅಳಿಸುವ ಅಧಿಕಾರ ಯಾವ ಏಜೆಂಟರಿಗೂ ಇಲ್ಲ. ತಪ್ಪು ದಾಖಲೆಯನ್ನು ನೀವೇ ಉಚಿತವಾಗಿ ಸರಿಪಡಿಸಬಹುದು. ಅವರಿಗೆ ಬೇಕಿರುವುದು ನಿಮ್ಮ 5,000, ಜೊತೆಗೆ ಪ್ಯಾನ್ ಮತ್ತು ಒಟಿಪಿ. "ಕಾರ್ಡ್ ಆ್ಯಕ್ಟಿವೇಟ್ ಮಾಡಲು" ಎಂದು ವಾಟ್ಸಾಪ್‌ನಲ್ಲಿ ಬರುವ ಎಪಿಕೆ ಫೈಲ್ ಇದೇ ಜಾತಿಯದು. ಒತ್ತಿ ದುಡ್ಡು ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಇನ್ನೊಂದು ಗುಂಡಿ "ಸೆಟಲ್‌ಮೆಂಟ್". 60,000 ಬಾಕಿಗೆ 30,000 ಕಟ್ಟಿ ಮುಗಿಸಿಬಿಡಿ ಎಂದು ವಸೂಲಿಯವರು ಹೇಳಿದಾಗ ಹಗುರವೆನಿಸುತ್ತದೆ. ಆದರೆ ವರದಿಯಲ್ಲಿ ಅದು "ಕ್ಲೋಸ್ಡ್" ಆಗುವುದಿಲ್ಲ, "ಸೆಟಲ್ಡ್" ಎಂದು ಉಳಿಯುತ್ತದೆ, ಅಂದರೆ ಪೂರ್ತಿ ಕೊಡಲಿಲ್ಲ ಎಂದು. ಬೇರೆ ದಾರಿಯೇ ಇಲ್ಲದವರು ಒಪ್ಪಿಕೊಳ್ಳಲಿ, ಅದರಲ್ಲಿ ಅವಮಾನವಿಲ್ಲ. ಕೈಯಲ್ಲಿ ದುಡ್ಡಿದ್ದೂ ರಿಯಾಯಿತಿ ಎಂದು ಖುಷಿಪಡುವುದು ಮಾತ್ರ ಬೇಡ.

ಕೊನೆಗೂ ರಿವಾರ್ಡ್ಸ್ ಕಾರ್ಡ್

ಒಂದು ವರ್ಷ ಹೀಗೆ ನಡೆದು ಸ್ಕೋರ್ 750 ದಾಟಿತು ಎನ್ನಿ. ಈಗ ಅರ್ಜಿ ಹಾಕಬಹುದು, ಒಂದೇ ಒಂದು. ಆದರೆ ಅದಕ್ಕೆ ಮೊದಲು ಪಾಯಿಂಟಿನ ಬೆಲೆ ತಿಳಿದುಕೊಳ್ಳಿ. "ಪ್ರತಿ 150 ರೂಪಾಯಿಗೆ 4 ಪಾಯಿಂಟ್" ಎಂದು ದೊಡ್ಡಕ್ಷರದಲ್ಲಿರುತ್ತದೆ. ಒಂದು ಪಾಯಿಂಟಿಗೆ 25 ಪೈಸೆ ಎಂಬುದು ಚಿಕ್ಕಕ್ಷರದಲ್ಲಿ. ಹಾಗಾದರೆ 150ಕ್ಕೆ ಸಿಕ್ಕಿದ್ದು ಒಂದು ರೂಪಾಯಿ, ಶೇಕಡಾ ಮುಕ್ಕಾಲೂ ಇಲ್ಲ. ಆ ಕಾರ್ಡಿನ ವಾರ್ಷಿಕ ಶುಲ್ಕ 1,000 ಆದರೆ ಜಿಎಸ್‌ಟಿ ಸೇರಿ 1,180. ಆ ಶುಲ್ಕ ಹುಟ್ಟಬೇಕಾದರೇ ವರ್ಷಕ್ಕೆ 1,77,000 ರೂ. ಖರ್ಚು ಮಾಡಬೇಕು. ಪೆಟ್ರೋಲ್, ಬಾಡಿಗೆ, ವಾಲೆಟ್ ತುಂಬಿಸುವುದು ಇಂಥವಕ್ಕೆ ಬಹಳ ಕಾರ್ಡುಗಳಲ್ಲಿ ಪಾಯಿಂಟೇ ಇಲ್ಲ. ಮೂಗಿಗಿಂತ ಮೂಗುತಿ ಭಾರ. ಹೊಸಬರಿಗೆ ವಾರ್ಷಿಕ ಶುಲ್ಕವೇ ಇಲ್ಲದ ಕಾರ್ಡ್ ಸಾಕು ಎಂಬುದು ನಮ್ಮ ಅಭಿಪ್ರಾಯ. ಲಾಂಜ್ ಬೇಕೆನ್ನುವವರು ವರ್ಷಕ್ಕೆ ಎಷ್ಟು ಸಲ ವಿಮಾನ ಹತ್ತುತ್ತೇವೆ ಎಂದು ಒಮ್ಮೆ ಎಣಿಸಿಕೊಳ್ಳಲಿ.

ಮೇಲಿನ ಉದಾಹರಣೆಗೇ ಇದನ್ನು ಜೋಡಿಸಿ. 50,000ದ ಖರೀದಿಗೆ ಈ ಕಾರ್ಡಿನಲ್ಲಿ ಸಿಗುವ ಲಾಭ ಸುಮಾರು 333 ರೂ. ಬಾಕಿ ಇಟ್ಟರೆ ಮೊದಲ ತಿಂಗಳ ಬಡ್ಡಿ, ತೆರಿಗೆ ಸೇರಿ 2,065. ರಿವಾರ್ಡ್ಸ್ ಎಂಬುದು ಪೂರ್ತಿ ಬಿಲ್ ಕಟ್ಟುವವರಿಗೆ ಮಾತ್ರ ಇರುವ ಸಂಗತಿ.

ಹಬ್ಬದ ಸೇಲ್ ಬಂದಾಗ "ನಿನ್ನ ಕಾರ್ಡಿನಲ್ಲಿ ಆಫರ್ ಇದೆಯಂತೆ, ನನಗೊಂದು ಫೋನ್ ತೆಗೆದುಕೊಡು" ಎನ್ನುವ ಗೆಳೆಯರು, ಭಾವಂದಿರು ಎಲ್ಲರಿಗೂ ಇರುತ್ತಾರೆ. ಪಾಯಿಂಟ್ ನಿಮಗೇ ಬರುತ್ತದೆ, ನಿಜ. ಬಿಲ್ಲೂ ನಿಮಗೇ ಬರುತ್ತದೆ. ಅವರು ಕೊಡುವುದು ತಡವಾದರೆ ತಡದ ಗುರುತು ಬೀಳುವುದು ನಿಮ್ಮ ಹಾಳೆಯಲ್ಲಿ. ವರ್ಷದಲ್ಲಿ ಕಾರ್ಡ್ ಬಿಲ್ ಪಾವತಿ 10 ಲಕ್ಷ ದಾಟಿದರೆ, ನಗದಾಗಿ ಕಟ್ಟಿದ್ದು 1 ಲಕ್ಷ ಮುಟ್ಟಿದರೂ, ಬ್ಯಾಂಕು ಆದಾಯ ತೆರಿಗೆ ಇಲಾಖೆಗೆ ತಿಳಿಸುತ್ತದೆ. ಭಾವನ ಫೋನು ನಿಮ್ಮ ಖರ್ಚಾಗಿಯೇ ಅಲ್ಲಿ ಕಾಣುತ್ತದೆ.

ಕೇಳದೆಯೇ ಕಾರ್ಡ್ ಮನೆಗೆ ಬಂದರೆ? ಕೇಳದ ಕಾರ್ಡ್ ಕೊಡುವಂತಿಲ್ಲ ಎಂದು 2022ರ ಆರ್‌ಬಿಐ ನಿರ್ದೇಶನ ಸ್ಪಷ್ಟವಾಗಿ ಹೇಳುತ್ತದೆ. ಹಾಗೆ ಕೊಟ್ಟು ಶುಲ್ಕ ಹಾಕಿದ್ದರೆ ಅದನ್ನು ವಾಪಸ್ ಮಾಡಿ, ಅದರ ಎರಡರಷ್ಟು ದಂಡವನ್ನೂ ಕೊಡಬೇಕು. ನೀವು ಒಪ್ಪದೆ ಮಿತಿ ಏರಿಸುವಂತೆಯೂ ಇಲ್ಲ.

ರಿವಾರ್ಡ್ಸ್ ಕಾರ್ಡ್ ಬಂದ ಮೇಲೆ ಆ ಹಳೆಯ ಎಫ್‌ಡಿ ಕಾರ್ಡನ್ನು ಏನು ಮಾಡುವುದು ಎಂದು ಹಲವರು ಕೇಳುತ್ತಾರೆ. ಶುಲ್ಕವಿಲ್ಲದಿದ್ದರೆ ಕೆಲಕಾಲ ಇಟ್ಟುಕೊಳ್ಳಿ. ಖಾತೆ ಹಳೆಯದಾದಷ್ಟೂ ಇತಿಹಾಸ ಉದ್ದವಾಗುತ್ತದೆ, ಒಟ್ಟು ಮಿತಿಯೂ ಹೆಚ್ಚಿರುತ್ತದೆ. ಆಗಾಗ ಒಂದು ರೀಚಾರ್ಜ್ ಮಾಡುತ್ತಿರಿ, ಒಂದು ವರ್ಷ ಮುಟ್ಟದೇ ಇದ್ದರೆ ಬ್ಯಾಂಕೇ ಸೂಚನೆ ಕೊಟ್ಟು ಮುಚ್ಚುವ ಕ್ರಮ ಶುರುಮಾಡಬಹುದು. ಠೇವಣಿಯ ದುಡ್ಡು ಬೇಕಾಗಿದ್ದರೆ ಅಥವಾ ಎರಡು ಕಾರ್ಡ್ ಸಂಭಾಳಿಸುವುದು ಕಷ್ಟವೆನಿಸಿದರೆ ಹಿಂಜರಿಯದೆ ಮುಚ್ಚಿ. ಬಾಕಿ ಪೂರ್ತಿ ಕಟ್ಟಿ, ಉಳಿದ ಪಾಯಿಂಟ್ ಬಳಸಿಕೊಂಡು, ಆ್ಯಪ್ ಅಥವಾ ಇಮೇಲ್ ಮೂಲಕ ಕೇಳಿಕೊಳ್ಳಿ. ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನದೊಳಗೆ ಮುಚ್ಚಬೇಕು, ತಡವಾದರೆ ಬ್ಯಾಂಕು ನಿಮಗೆ ದಿನಕ್ಕೆ 500 ರೂ. ಕೊಡಬೇಕು. ಮುಚ್ಚಿದ ಬಗ್ಗೆ ಬಂದ ಇಮೇಲ್ ಜೋಪಾನವಾಗಿಡಿ, ಒಂದೆರಡು ತಿಂಗಳು ಬಿಟ್ಟು ವರದಿಯಲ್ಲಿ ಆ ಖಾತೆಯ ಮುಂದೆ "ಕ್ಲೋಸ್ಡ್" ಎಂದಿದೆಯೇ ಎಂದು ನೋಡಿಕೊಳ್ಳಿ.